ಎಡ್ಮಂಡ್ ಮಾಸ್ಟ್ರ ಪಾಸ್‌ವರ್ಡು

ಚಹಾದ ಮೇಲೆ ಕೆನೆ ಕಟ್ಟಿದೆ, ಮಣಿಪಾಲದ ಇತಿಹಾಸದಲ್ಲಿ ದಾಖಲಾಗಬೇಕಾದ ಸಂಗತಿ, ಬೆರಳಲ್ಲಿ ತೆಗೆಯುವುದೋ ಚಮಚದಲ್ಲೋ ಎಂಬುದನ್ನಾದರೂ ಉಮೈರಾ ನಿರ್ಧರಿಸಬಹುದು, ಉಳಿದದ್ದು ಅವಳ ಕೈಯಲ್ಲಿಲ್ಲ — ಹೋದ ವರ್ಷ ತೀರಿಕೊಂಡ ಅಜ್ಜಿ ಬೀಪಾತುಮ್ಮನ ನಲವತ್ತೊಂದು ಮದುವೆ ಹಾಡುಗಳು, ಕಂಪ್ಯೂಟರಿನಲ್ಲಿ ಪ್ರತಿಯೊಂದು ಫೈಲಿನ ಹೆಸರಿಗೂ ಯಾರೋ ಅರ್ಥವಿಲ್ಲದ ಅಕ್ಷರಗಳ ಬಾಲ ಅಂಟಿಸಿದ್ದಾನೆ, ಒಂದೂ ತೆರೆಯುವುದಿಲ್ಲ, ಪಕ್ಕದಲ್ಲೊಂದು ಚೀಟಿ, ಬೀಗ ಹಾಕಿದ್ದೇವೆ, ದುಡ್ಡು ಕೊಟ್ಟರೆ ತೆರೆಯುತ್ತೇವೆ, ಸಂಪರ್ಕಿಸಿ, ಕೊಟ್ಟ ವಿಳಾಸಕ್ಕೆ ಬರೆದರೆ ಪತ್ರ ಹಾಗೇ ವಾಪಸು, ಎಷ್ಟು ಜಾಗ್ರತೆ ಮಾಡಿದ್ದಳು, ದುಬೈಯ ರಿಯಾಝ್ ಮಾಮನೂ ಕೇಳಲಿ ಎಂದು ಲಿನಕ್ಸ್ ಸರ್ವರನ್ನು ಇಂಟರ್ನೆಟ್ಟಿಗೆ ಮುಖ ಮಾಡಿ ಕೂರಿಸುವಾಗ ಪೋರ್ಟುಗಳೆಂಬ ಬೇಡದ ಬಾಗಿಲುಗಳನ್ನೆಲ್ಲ ಮುಚ್ಚಿ, ಯಜಮಾನನ ಅಧಿಕಾರದ ರೂಟ್ ಲಾಗಿನ್ ನಿಲ್ಲಿಸಿ, ಕೀ ಫೈಲ್ ಇದ್ದವರಿಗೆ ಮಾತ್ರ ಪ್ರವೇಶ, ಪಾಸ್‌ವರ್ಡ್ ಯಾರಿಗೂ ಇಲ್ಲ — ಒಬ್ಬರನ್ನು ಬಿಟ್ಟು, ಕಾಪುವಿನ ಎಡ್ಮಂಡ್ ಮಾಸ್ಟ್ರು, ಏಳನೇ ಕ್ಲಾಸಿನಲ್ಲಿ ಅವಳಿಗೆ ಗಣಿತ ಕಲಿಸಿ, ನಿವೃತ್ತರಾದ ಮೇಲೆ ಅಜ್ಜಿಯ ಎದುರು ಕೂತು ಹಾಡು ರೆಕಾರ್ಡ್ ಮಾಡಿ ಸರ್ವರಿಗೆ ಹಾಕಿದವರು, ಕೀ ಎಂತಕ್ಕೆ ಮಾರಾಯ್ತಿ, ನನ್ನ ಮನೆಯ ಕೀಯೇ ನನಗೆ ಸಿಗುವುದಿಲ್ಲ, ನೆನಪಿರುವಂಥ ಒಂದು ಪಾಸ್‌ವರ್ಡ್ ಇಟ್ಟುಕೊಳ್ಳುತ್ತೇನೆ ಎಂದರು, ಆಗುವುದಿಲ್ಲ ಎನ್ನಬೇಕಿತ್ತು, ಆದರೆ ಮಾಸ್ಟ್ರ ಎದುರು ಇಲ್ಲ ಎನ್ನುವ ನಾಲಗೆ ಕಾಪುವಿನಲ್ಲಿ ಇನ್ನೂ ಹುಟ್ಟಿಲ್ಲ, ಆಯ್ತು ಮಾಸ್ಟ್ರೇ ಎಂದಳು, ಅವರು ಇಟ್ಟದ್ದು ಕಾಪು, ಒಂದು, ಎರಡು, ಮೂರು, ಗಣಿತದವರಲ್ಲವೇ, ಸರ್ವರಿಗೆ ಬಂದುಹೋದವರ ಲೆಕ್ಕವಿರುವ ಲಾಗ್ ತೆರೆದರೆ ಎಂಟು ಸಾವಿರ ಸಲ ಬಾಗಿಲು ತಟ್ಟಿದವನು ಕೊನೆಗೆ ಎಡ್ಮಂಡ್ ಎಂಬ ಹೆಸರಿನಲ್ಲೇ ಮರ್ಯಾದೆಯಿಂದ ಒಳಗೆ ಬಂದಿದ್ದಾನೆ — ಫೋನು, ಮಾಸ್ಟ್ರದ್ದೇ, ಎಂತ ಉಮೈರಾ, ಹಾಡು ಬರುವುದಿಲ್ಲವಲ್ಲ, ಗುರುವಾರ ರಿಯಾಝನ ಮಗಳ ಮದರಂಗಿಗೆ ಬೀಪಾತುಮ್ಮನ ಹಾಡೇ ಹಾಕುವುದು ಅಂತ ಉಂಟಲ್ವಾ, ಮಾಸ್ಟ್ರೇ, ನಿಮ್ಮ ರೆಕಾರ್ಡರಿನಲ್ಲಿ ಉಂಟಾ, ಎಲ್ಲಿಂದ ಮಾರಾಯ್ತಿ, ನಿನ್ನಲ್ಲಿಗೆ ಬಂತಲ್ಲ, ಕಾರ್ಡ್ ಖಾಲಿ ಮಾಡಿ ಕಾರ್ಕಳದ ಬ್ಯಾಂಡಿನವರದ್ದು ತುಂಬಿಸಿದೆ, ನೀನು ಇದ್ದೀಯಲ್ಲ ಅಂತ ಧೈರ್ಯ, ಇದ್ದೇನೆ ಮಾಸ್ಟ್ರೇ, ನೋಡುತ್ತೇನೆ ಮಾಸ್ಟ್ರೇ ಎಂದು ಫೋನಿಟ್ಟಳು, ಬ್ಯಾಕಪ್ಪೂ ಇದೆ, ಗಂಟೆಗೊಮ್ಮೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವಂಥದ್ದು, ನಿಯತ್ತಿನ ಯಂತ್ರ, ಬಾಲದ ಫೈಲುಗಳನ್ನೇ ನಲವತ್ತೊಂದಕ್ಕೆ ನಲವತ್ತೊಂದು ನಕಲು ಮಾಡಿಟ್ಟಿದೆ, ಅವಳು ವಾಟ್ಸಾಪಿನಲ್ಲಿ ಮೇಲೆ ಮೇಲೆ ಹೋಗುತ್ತಾಳೆ, ಮಾಸ್ಟ್ರಿಗೆ ಕಳಿಸಿದ ಒಂದೇ ಒಂದು ತುಣುಕು, ಹಾಡಿಗೆ ಮುಂಚೆ ಅಜ್ಜಿ ಕೆಮ್ಮುವುದು, ಇದನ್ನು ತೆಗೆದುಬಿಡಲಾ ಮಾಸ್ಟ್ರೇ ಎಂದು ಆಗ ಕೇಳಿದ್ದಳು, ಒತ್ತಿದಳು, ಕೆಮ್ಮು, ಬಳೆಯ ಸದ್ದು, ಉಸಿರೆಳೆದುಕೊಳ್ಳುವುದು, ಅಲ್ಲಿಗೆ ನಾಲ್ಕು ಸೆಕೆಂಡು ಮುಗಿಯಿತು, ಮತ್ತೆ ಒತ್ತಿದಳು, ಕೆಮ್ಮು, ಬಳೆ, ಉಸಿರು, ಮತ್ತೆ, ಕೆಮ್ಮು, ಬಳೆ, ಉಸಿರು —

ನಲವತ್ತೊಂದು ಹಾಡುಗಳೂ ಹೋದವು.