ಒತ್ತಿ ಹಿಡಿದ ಗುಂಡಿ

ತಮ್ಮ ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಬಂದಾಗ ಬೆಳಗಿನ ಕಾಫಿ ಇನ್ನೂ ಲೋಟದಲ್ಲೇ ಇತ್ತು. ಫೋನ್ ಇಟ್ಟು ತಿರುಗಿದೆ. ಅವನ ಹೆಂಡತಿ ನಡುಮನೆಯ ಗ್ಯಾಸ್ ಅಗ್ಗಿಷ್ಟಿಕೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಅಳಲಿಲ್ಲ.

“ಅಕ್ಕಾ, ಇದು ಆರಿಹೋಗಿದೆ. ಮಧ್ಯಾಹ್ನ ಅವರನ್ನ ತರ್ತಾರಲ್ಲ, ಈ ಥಂಡಿ ಕೋಣೆಗೆ ಹೇಗೆ ಕರ್ಕೊಳ್ಳೋದು?”

ತಮ್ಮ ಹುಟ್ಟಾ ಚಳಿಗಾರ. ಬೇಸಿಗೆಯಲ್ಲೂ ಕಾಲುಚೀಲ ಬಿಟ್ಟವನಲ್ಲ. ಅಗ್ಗಿಷ್ಟಿಕೆ ಹೊತ್ತಿಸುವುದು ಅವನೊಬ್ಬನ ಕೆಲಸ. ಕೆಳಗಿನ ಗುಂಡಿ ಒತ್ತಿ ಹಿಡಿದು ಕಿಡಿ ಹಾರಿಸಿದರೆ ಒಳಗೆ ಪುಟ್ಟದೊಂದು ನೀಲಿ ಉರಿ ಹೊತ್ತುತ್ತದೆ. ಪೈಲಟ್ ಎನ್ನುತ್ತಾರೆ. ಅದು ನಿಂತರೆ ಮಾತ್ರ ದೊಡ್ಡ ಬೆಂಕಿ. ಹೊತ್ತಿದ ಮೇಲೂ ಕೊಂಚ ಹೊತ್ತು ಗುಂಡಿ ಬಿಡಬಾರದು. ಅದಕ್ಕೆ ತಮ್ಮನ ಅಳತೆ, ಅಮ್ಮ ಕಲಿಸಿದ ಪ್ರಾರ್ಥನೆ ಒಂದು ಸಲ ಪೂರ್ತಿ.

“ನಿನ್ನ ಕೈಗೆ ಇದು ಹತ್ತಲ್ಲ ಅಕ್ಕಾ. ನಿನ್ನ ಪ್ರಾರ್ಥನೆ ರೈಲು ಹಿಡಿಯೋಕೆ ಓಡುತ್ತೆ,” ಎಂದು ನಗುತ್ತಿದ್ದ.

ಅಂದು ನಾನೇ ಗುಂಡಿ ಒತ್ತಿ ಹಿಡಿದು ಕಿಡಿ ಹಾರಿಸಿದೆ. ಉರಿ ಹೊತ್ತಿತು, ಪ್ರಾರ್ಥನೆ ನಿಧಾನವಾಗಿಯೇ ಹೇಳಿದೆ. ಗುಂಡಿ ಬಿಟ್ಟೆ, ಆರಿತು. ಅವಸರವಾಯಿತೇನೋ ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದೆ. ಮತ್ತೆ ಆರಿತು. ದೇವರು ನನ್ನ ಕಡೆ ಕಿವಿಗೊಡುತ್ತಿಲ್ಲ ಎನ್ನಿಸಿತು.

ಗ್ಯಾಸ್ ರಿಪೇರಿಯವನನ್ನು ಕರೆಸಿದೆವು. ಅವನು ನೆಲಕ್ಕೆ ಕೆನ್ನೆ ತಾಗಿಸಿ ಒಳಗೆ ಇಣುಕಿದ.

“ಕಿಡಿ ಸರಿ ಇದೆ, ಗ್ಯಾಸೂ ಬರ್ತಿದೆ.”

ಪೈಲಟ್ಟಿನ ತೂತಿನ ಧೂಳು ಊದಿದ. ಉರಿಗೆ ಮೈಯೊಡ್ಡಿ ನಿಲ್ಲುವ ಕಡ್ಡಿಯೊಂದರ ಮಸಿ ಉಜ್ಜಿದ, ಅದರ ತಿರುಪು ಬಿಗಿಮಾಡಿದ. ಪ್ರತಿ ಸಲವೂ ಹೊತ್ತಿತು, ಬಿಟ್ಟೊಡನೆ ಹೋಯಿತು. ಕೊನೆಗೆ ಮೀಟರ್ ಹಚ್ಚಿ ನೋಡಿದ.

“ಈ ಕಡ್ಡಿ, ಥರ್ಮೋಕಪಲ್ಲು, ಸತ್ತಿದೆ ಅಮ್ಮಾ,” ಎಂದವನು ನಾಲಗೆ ಕಚ್ಚಿಕೊಂಡ. “ಅಂದ್ರೆ, ಕೆಟ್ಟಿದೆ. ಉರಿ ಇದೆ ಅಂತ ವಾಲ್ವಿಗೆ ತಿಳಿಸೋದು ಇದೇ. ತಿಳಿಸದಿದ್ರೆ ಅದು ಗ್ಯಾಸ್ ಮುಚ್ಚಿಬಿಡುತ್ತೆ.”

“ನನ್ನ ಪ್ರಾರ್ಥನೆ ಸಾಲಲಿಲ್ಲ ಅಂದ್ಕೊಂಡಿದ್ದೆ.”

“ಇಡೀ ದಿನ ಹೇಳಿದ್ರೂ ಇಷ್ಟೇ. ಹೊಸದು ನಾಳೆ ತಂದು ಹಾಕ್ತೀನಿ.”

“ನಾಳೆ ಯಾರಿಗಪ್ಪ?” ಎಂದಳು ತಮ್ಮನ ಹೆಂಡತಿ.

ಅವನು ಉಪಕರಣಗಳನ್ನು ಚೀಲಕ್ಕೆ ತುಂಬಿದ. ಹೊರಡುವಾಗ, “ಒತ್ತಿ ಹಿಡಿದಿದ್ರೆ ಚಿಕ್ಕ ಉರಿ ಇರುತ್ತೆ. ಕೋಣೆ ಬಿಸಿ ಆಗಲ್ಲ,” ಎಂದ.

ಹೊರಗೆ ಗಾಡಿ ನಿಂತ ಸದ್ದಾಯಿತು. ನಾನು ಕೆಳಗೆ ಕೂತು ಗುಂಡಿ ಒತ್ತಿ ಕಿಡಿ ಹಾರಿಸಿದೆ.

“ಆರೋದು ಬೇಡ ಅಕ್ಕಾ,” ಎಂದು ಅವಳು ಬಾಗಿಲಿಗೆ ಹೋದಳು.

ಮನೆಗೆ ಬಂದ ತಮ್ಮನನ್ನು ಎದುರುಗೊಳ್ಳಲು ಗುಂಡಿ ಬಿಟ್ಟು ನಾನು ಏಳುವಂತಿರಲಿಲ್ಲ. ಅವನನ್ನು ನನ್ನ ಪಕ್ಕದಲ್ಲೇ ಮಲಗಿಸಿದರು. “ಎದ್ದು ಮುಖ ನೋಡಿ,” ಎಂದರು ಯಾರೋ. ಕತ್ತು ಹೊರಳಿಸಿದರೆ ಕಂಡದ್ದು ಅವನ ಪಾದ. ಕಾಲುಚೀಲ ಆಸ್ಪತ್ರೆಯಲ್ಲೇ ಉಳಿದಿತ್ತು. ಎಡಗೈಯಿಂದ ಸೆರಗು ಎಳೆದು ಹೊದಿಸಿದೆ. ಬಲಗೈ ಹೆಬ್ಬೆರಳು ಜೋಮು ಹಿಡಿಯುತ್ತಿತ್ತು. ಅಮ್ಮ ಕಲಿಸಿದ್ದನ್ನು ಹೇಳತೊಡಗಿದೆ. ಮುಗಿದರೂ ಬೆರಳು ತೆಗೆಯಲಿಲ್ಲ.

ದೇವರೇ, ನನ್ನ ಕೈ ಸೋಲುತ್ತಿದೆ. ಇನ್ನು ಇವನನ್ನು ನೀನು ಹಿಡಿದುಕೋ. ಚಳಿ ಮುಟ್ಟದ ಕಡೆ ಇರಿಸು. ನನ್ನ ತಮ್ಮನ ಆತ್ಮಕ್ಕೆ ಶಾಂತಿ ಕೊಡು.