ಕಲಕಿದ ಕೈ

ಗಿಡ್ಡಪ್ಪ ಬಾವಿ ತೋಡುವ ಆಳು, ಬಂಡೆ ಕಂಡರೆ ಹುರುಪಾಗುವವನು. ಅಂಥವನನ್ನು ಮೂರು ತಿಂಗಳ ಜ್ವರ ಹಿಂಡಿ ಹಾಕಿತ್ತು. ತೋಳಿನ ಗುಂಟ ಕಡಲೆಕಾಳಿನಂಥ ಗಂಟು, ಕಾಲ ಮೇಲೆ ನೇರಳೆ ಕಲೆ, ಒಂದು ಬೆರಳು ಆಗಲೇ ಕಪ್ಪಾಗಿತ್ತು. ಹೇಮಗುಡ್ಡದ ದುರ್ಗವ್ವನಿಗೆ ಹರಕೆ ಹೊತ್ತದ್ದಾಯಿತು, ಬೇರು ತೇದು ಕುಡಿಸಿದ್ದಾಯಿತು. ಕೊನೆಗೆ ಹೆಂಡತಿ ಪಕ್ಕೀರವ್ವ ಅವನನ್ನು ಬಂಡಿಯಲ್ಲಿ ಹಾಕಿಕೊಂಡು ಬೇವೂರಿನ ಚಾವಡಿಗೆ ಬಂದಳು. ಅಲ್ಲಿಗೆ ತಿಂಗಳಿಗೊಮ್ಮೆ ಒಬ್ಬ ಡಾಕ್ಟರು ಬರುತ್ತಿದ್ದರು.

ಡಾಕ್ಟರಿಗೆ ಕನ್ನಡ ಬಾರದು. ಗಿಡ್ಡಪ್ಪನ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಔಷಧ ಬೆರೆಸಿ, ಗೆರೆ ಕೊರೆದ ಗಾಜಿನ ನಳಿಕೆಗೆ ತುಂಬಿ ನಿಲ್ಲಿಸಿದರು. ಆ ಊರಿನವನೇ ಆದ ಕಂಪೌಂಡರ್ ಉಮರಸಾಬನಿಗೆ ಉರ್ದುವಿನಲ್ಲಿ ಹೇಳಿದರು: ರಕ್ತನಾಳಗಳಿಗೇ ಬಾವು ಬಂದ ಗುಮಾನಿ ಇದೆ, ಒಂದು ತಾಸಿನಲ್ಲಿ ರಕ್ತದ ಕೆಂಪು ಇಪ್ಪತ್ತನೆಯ ಗೆರೆ ದಾಟಿ ಇಳಿದರೆ ಖಾತ್ರಿ, ಹೈದರಾಬಾದಿನ ದೊಡ್ಡ ದವಾಖಾನೆಗೆ ಚಿಟ್ಟಿ ಬರೆಯುತ್ತೇನೆ, ಇಳಿಯದಿದ್ದರೆ ಬರೀ ಮೈಕೈ ನೋವು. ಅಷ್ಟುದ್ದದ ಮಾತು ಕನ್ನಡಕ್ಕೆ ಬರುವ ಹೊತ್ತಿಗೆ ಗೇಣುದ್ದ ಉಳಿಯಿತು.

"ಇಲ್ಲೇ ಕುಂತು ಕಾಯವಾ. ನಾಯಿ ಗೀಯಿ ಬರದಂಗ ನೋಡ್ಕೋ," ಎಂದು ಉಮರಸಾಬ ಹೊರಗಿನ ರೋಗಿಗಳತ್ತ ನಡೆದ.

ಹೊತ್ತು ಹೋದಂತೆ ನಳಿಕೆಯ ಮೇಲೆ ಹಳದಿ ನೀರು ನಿಂತಿತು. ಕೆಂಪು ಅರ್ಧಕ್ಕೆ ಕುಸಿಯಿತು. ಪಕ್ಕೀರವ್ವ ನಳಿಕೆಯತ್ತ ಬಾಗಿದಳು. ರಕ್ತ ನೀರಾದವನನ್ನು ಯಾವ ಡಾಕ್ಟರು ತಾನೇ ಕೈಹಿಡಿದಾರು? ಮನೆಗೆ ಒಯ್ಯಿ ಅಂದುಬಿಟ್ಟರೆ? ತಿಳಿ ನಿಂತ ಅಂಬಲಿಯನ್ನು ಕಲಕದೆ ಯಾರ ಮುಂದೂ ಇಟ್ಟ ಕೈಯಲ್ಲ ಅವಳದು. ಅತ್ತೆ ಬೈದು ಬೈದು ಕಲಿಸಿದ ಪಾಠ ಅದು. ಅತ್ತಿತ್ತ ನೋಡಿದಳು. ನಳಿಕೆಯ ಬಾಯಿಗೆ ಹೆಬ್ಬೆರಳು ಒತ್ತಿ ಮೇಲೆ ಕೆಳಗೆ ಹತ್ತಾರು ಸಲ ತಿರುಗಿಸಿದಳು. ರಕ್ತ ಮೊದಲಿನಂತೆ ಕೆಂಪಾಯಿತು. ಬೆರಳನ್ನು ಸೆರಗಿಗೆ ಒರೆಸಿಕೊಂಡಾಗ ಗಂಡನನ್ನು ಉಳಿಸಿಕೊಂಡೆ ಅನ್ನಿಸಿತು.

ಅಷ್ಟರಲ್ಲೇ ತಾಸು ತುಂಬಿತು. ಡಾಕ್ಟರು ನೋಡಿದರು: ಕೆಂಪು ಇಳಿದದ್ದು ಮೂರೇ ಗೆರೆ. ಹಚ್ಚುವ ಎಣ್ಣೆ ಕೊಡಿಸಿ, ಸಾಮಾನು ಪೆಟ್ಟಿಗೆಗೆ ಹಾಕಿಸಿ ಮೋಟಾರು ಹತ್ತಿದರು.

"ಚಿಂತಿ ಬಿಡವಾ," ಎಂದ ಉಮರಸಾಬ ದೊಡ್ಡ ದನಿಯಲ್ಲಿ. "ಒಳಗ ಏನೂ ಇಲ್ಲ. ರಗತ ಕೆಳಗ ಇಳದಿದ್ರ ದೊಡ್ಡ ದವಾಖಾನಿಗೆ ಚಿಟ್ಟಿ ಕೊಡಾವರಿದ್ರು. ಇಳದಿಲ್ಲ."

"ಇಳದಿತ್ತೋ ಯಣ್ಣಾ," ಎಂದಳು ಪಕ್ಕೀರವ್ವ ಪಿಸುದನಿಯಲ್ಲಿ. "ಅರ್ಧಕ್ಕ ಇಳದಿತ್ತು. ನಾನ ಕಲಕೀನಿ."

ಇಬ್ಬರೂ ಓಡಿದರು. ಹುಣಸೆಮರದಾಚೆ ಮೋಟಾರಿನ ಧೂಳು ಮಾತ್ರ ಇತ್ತು. "ಮುಂದಿನ ತಿಂಗಳು ಬರ್ತಾರವಾ," ಎಂದ ಉಮರಸಾಬ, ಅವಳ ಮುಖ ನೋಡದೆ. ಅವಳಿಗೆ ಆ ಕಪ್ಪು ಬೆರಳು ನೆನಪಾಯಿತು. ಗಂಡನಿಗೆ ಇನ್ನೊಂದು ತಿಂಗಳ ಆಯುಸ್ಸು ಉಳಿದಿಲ್ಲವೆಂದು ಅವಳಿಗೆ ಗೊತ್ತಿತ್ತು. ತನ್ನ ಕೈಯನ್ನು ಮರಕ್ಕೆ ಬಡಿದು ಬಡಿದು ಅತ್ತಳು.

ಬಂಡಿಯಲ್ಲಿ ಮಲಗಿದ್ದ ಗಿಡ್ಡಪ್ಪನ ಕಿವಿಗೆ ಉಮರಸಾಬನ ಮಾತಷ್ಟೇ ಬಿದ್ದಿತ್ತು. ಮೂರು ತಿಂಗಳಲ್ಲಿ ಮೊದಲ ಸಲ ಅವನು ನಗುತ್ತಿದ್ದ.

"ಒಳಗ ಏನೂ ಇಲ್ಲಂತಲ್ಲ! ಹಸಿವಾಗೇತಿ, ಅಂಬಲಿ ಕೊಡು."

ಅವಳು ಗಡಿಗೆಯ ಮುಚ್ಚಳ ತೆಗೆದಳು. ಮೇಲೆ ತಿಳಿ ನಿಂತಿತ್ತು. ಕೈ ಏಳಲಿಲ್ಲ.

"ಯಾಕ ನಿಂತಿ, ಪಕ್ಕೀರಿ?" ಎಂದ ಗಿಡ್ಡಪ್ಪ. "ಕಲಕಿ ಕೊಡು."