ಜಗದೇವಿಯ ಎಡ ಮೊಣಕಾಲು

ಮತ್ತೆ ದ್ರಾಕ್ಷಿ, ಎಷ್ಟೊಂದು ದ್ರಾಕ್ಷಿ ತೋಟ, ಅಂದರೆ ನಿಫಾಡ್ ಬಂತು, ನಾಸಿಕ ಇನ್ನು ದೂರವಿಲ್ಲ, ದೂರವಿದ್ದರೇ ಚೆನ್ನಾಗಿತ್ತು ಎಂದುಕೊಂಡಳು ಮಾಳವ್ವ, ಬಸ್ಸಿನ ಕಿಟಕಿಗೆ ತಲೆ ಆನಿಸಿ, ತೊಡೆಯ ಮೇಲೆ ರೊಟ್ಟಿಯ ಗಂಟು — ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಕಬಡ್ಡಿ ಲೀಗಿನವರು ಕೊಡುವ ಬೇಯಿಸಿದ ಕೋಳಿ ತಿಂದು ತಿಂದು ನಾಲಿಗಿ ಸತ್ತದವ್ವ ಅನ್ನುತ್ತಾಳೆ ಜಗದೇವಿ, ಇಪ್ಪತ್ತೆರಡು ತುಂಬಿದರೂ ಇನ್ನೂ ಕೂಸು. ಇವತ್ತು ರೊಟ್ಟಿ ಕೊಡಲು ಹೊರಟದ್ದೇ? ಅಲ್ಲ, ತಪ್ಪು ಒಪ್ಪಿಕೊಳ್ಳಲು. ಒಪ್ಪಿಕೊಂಡರೆ ಮಗಳ ಆಟ ಹೋಗುತ್ತದೆ, ಇಲ್ಲದಿದ್ದರೆ ಮಹಿಬೂಬನ ಅನ್ನ ಹೋಗುತ್ತದೆ, ತಂಡದ ಹುಡುಗಿಯರ ಕಾಲಿಗೆ ಪಟ್ಟಿ ಕಟ್ಟುವ ಪಾಪದ ಮನುಷ್ಯ, ಅವನೇನು ಮಾಡಿದ್ದಾನೆ, ಮಾಡಿದ್ದೆಲ್ಲ ತನ್ನ ಹಾಳು ಬಾಯಿ. ಆದರೆ ಆ ಸೋಮಲಿಂಗ ಎಷ್ಟು ಚಂದ ಕೇಳಿದ! ತಾನು ದುಡಿಯುವ ಸಂಭಾಜಿನಗರದ ಕಟ್ಟಡದ ಸೈಟಿನಲ್ಲಿ ಎಲ್ಲರದೂ ಮರಾಠಿ, ಹಿಂದಿ, ಸಿಮೆಂಟಿನ ಲಾರಿ ತರುವ ಅವನೊಬ್ಬನೇ ಅಫಜಲಪುರದ ಕಡೆಯವನು, ಬಂದ ಕೂಡಲೇ ಅತ್ತೀ ಅನ್ನುವುದು, ಅತ್ತೀ, ಮಗಳು ನಾಸಿಕದವರ ಕಡೆ ಆಡತಾಳ, ನೀವು ಸಂಭಾಜಿನಗರದಾಗ ಉಣ್ಣತೀರಿ, ಯಾರ ಕಡೆರಿ ನೀವು? ಇಡೀ ಸೈಟೇ ನಗುತ್ತಿತ್ತು. ನಾ ನನ್ನ ಮಗಳ ಕಡೆ, ಹೋಗೋ, ಅಂದಿದ್ದಳು ಎದೆ ಉಬ್ಬಿಸಿ. ನಾಸಿಕ, ಸಂಭಾಜಿನಗರದ ಪಂದ್ಯ ಬಂತೆಂದರೆ ಗೌಂಡಿಗಳೆಲ್ಲ ಕರಣೆ ಬಿಟ್ಟು ಫೋನು ಹಿಡಿದು ಹಣ ಕಟ್ಟಿ ಸಟ್ಟಾ ಹಚ್ಚುವುದು, ಅವಳಿಗೆ ಅದು ತಿಳಿಯದು, ತಿಳಿದದ್ದು ಇಷ್ಟೇ, ಊರು ಬಿಟ್ಟ ಹದಿನೆಂಟು ವರ್ಷದಲ್ಲಿ ಮೊದಲ ಸಲ ಒಬ್ಬರು ಊರಿನ ಮಾತಿನಲ್ಲಿ ತಂಗಿ ಹ್ಯಾಂಗ ಅದಾಳ್ರಿ ಎಂದು ಕೇಳಿದರು. ಮೊಣಕಾಲು ಬ್ಯಾನಿಪಾ, ಅಂದುಬಿಟ್ಟಳು. ನಮ್ಮವರ ಮುಂದೆ ಬ್ಯಾನಿ ಮುಚ್ಚಿಟ್ಟರೆ ಔಷಧ ಹೇಳುವವರು ಯಾರು? ಯಾವ ಮೊಣಕಾಲರಿ? ಎಡಾ. ಮೆಟ್ಟಲಾ ಏರೂಮುಂದೋ, ಇಳಿಯೂಮುಂದೋ? ಏರೂಮುಂದ. ಮರುದಿನ ಎಣ್ಣೆಯ ಶೀಶೆಯನ್ನೂ ತಂದುಕೊಟ್ಟ, ಅವನ ಹೆಣಾ ಎತ್ತಲಿ, ಒಳ್ಳೆಯ ಎಣ್ಣೆ.

ಪಂದ್ಯದ ದಿನ ಎಲ್ಲರ ಫೋನಿನಲ್ಲೂ ಅದೇ ಸುದ್ದಿ, ಎಡ ಮೊಣಕಾಲು, ಏರುವಾಗ ನೋವು, ಎಲ್ಲರ ಹಣ ಸಂಭಾಜಿನಗರದ ಮೇಲೆ, ನಾಸಿಕ ಸೋತಿತು, ಆಮೇಲೆ ಸೋಮಲಿಂಗನೂ ಇಲ್ಲ, ಲಾರಿಯೂ ಇಲ್ಲ. ನಿನ್ನೆ ಮಗಳ ಫೋನು, ಅವ್ವಾ, ಸಟ್ಟಾದವರಿಗೆ ನನ್ನ ಕಾಲಿನ ಸುದ್ದಿ ಸಿಕ್ಕೇದ, ಮಹಿಬೂಬಣ್ಣನ ಮ್ಯಾಲ ಸಂಶಯ ಹಿಡದಾರ, ಗಾಯದ ಮಾತು ಮನಿಯವರಿಗೂ ಹೇಳೂದಿಲ್ಲಂತ ನಾವೆಲ್ಲ ಸಹಿ ಮಾಡೇವಿ. ಮನೆಯವರಿಗೂ! ಕಾಲು ನೀಡಿ ಕೂತು ಆ ಕಾಲ ಮೇಲೆ ಮಲಗಿಸಿಕೊಂಡು ಎರೆದದ್ದು ಯಾರು, ಆ ಮೊಣಕಾಲಿಗೆ ಬಿಸಿನೀರು ಹೊಯ್ದು ನೀವಿದ್ದು ಯಾರು, ಸೈಟಿನ ಮರಳ ಗುಡ್ಡೆಯಲ್ಲಿ ಗಂಡುಹುಡುಗರನ್ನು ಕೆಡವಿ ಬರುತ್ತಿದ್ದಳು, ಮೊಣಕಾಲು ಕೆತ್ತಿ ರಕ್ತ, ರಕ್ತಕ್ಕೆ ಅಂಟಿದ ಮರಳು, ನೋಡವ್ವ ಗೆದ್ದೆ, ಹೌದೌದು ನನ್ನ ಹುಲಿ, ಎಂದು ತಾನು ಸೆರಗಿನಿಂದ ಒರೆಸುತ್ತಿದ್ದಳು, ಆ ಮೊಣಕಾಲು, ಅದೇ.

ಬಸ್ಸು ನಿಂತಿತು, ಜಗದೇವಿ ಬಂದಿದ್ದಾಳೆ, ಕುಂಟುತ್ತ ಬಂದು ಗಂಟು ಇಸಿದುಕೊಂಡಳು, ಎಷ್ಟು ಸೊರಗಿದೆ ಮುಖ. ನಾನೇ ಹೇಳೀನಿ ಜಗದೇವಿ, ಸೋಮಲಿಂಗನ ಮುಂದ. ಗೊತ್ತದವ್ವ, ಮೆಟ್ಟಲಾ ಏರೂಮುಂದಿನ ನೋವು ನಿನಗೊಬ್ಬಾಕಿಗೇ ಹೇಳಿದ್ದೆ. ಗೊತ್ತಿದ್ದೂ ಸುಮ್ಮನಿದ್ದಿ? ಮಗಳು ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಮಹಿಬೂಬಗ ಮಕ್ಕಳದಾವೇನು? ಎರಡದಾವ. ಹೇಳಿದ್ರ ನಿನ್ನ ಆಟಾ? ಈ ವರ್ಷ ಹೋತು, ಮುಂದಿಂದು ಗೊತ್ತಿಲ್ಲ. ಮಾಳವ್ವನಿಗೆ ಅಳು ಒತ್ತರಿಸಿ ಬಂತು, ಬಸ್‌ಸ್ಟ್ಯಾಂಡು ಎಂಬುದನ್ನೂ ಮರೆತು ಅತ್ತಳು. ಅಳಬ್ಯಾಡವ್ವ, ನಡಿ, ಇಬ್ಬರೂ ಹೋಗಿ ಹೇಳೋಣು, ನಿನ್ನೆನೇ ಹೇಳಬೇಕಿತ್ತು ನಾ. ಲೀಗಿನ ಕಚೇರಿ ಎರಡನೆಯ ಮಹಡಿಯಲ್ಲಿ, ಲಿಫ್ಟು ಕೆಟ್ಟಿದೆ, ಮಗಳು ಮುಂದೆ, ಅವಳು ಹಿಂದೆ, ನಾ ಒಬ್ಬಾಕಿನೇ ಹೋಗತೀನಿ ತಡಿ ಅಂದರೂ ಕೇಳಲಿಲ್ಲ, ಒಂದು ಮೆಟ್ಟಿಲು, ಇನ್ನೊಂದು, ಕಣ್ಣ ಮುಂದೆ ಬೇರೇನೂ ಇಲ್ಲ, ಬಿಳಿ ಪಟ್ಟಿ ಸುತ್ತಿದ ಆ ಮೊಣಕಾಲು, ಮಡಚುತ್ತದೆ, ನಡುಗುತ್ತದೆ, ಮೇಲೇರುತ್ತದೆ, ಆ ಮೊಣಕಾಲು